ವಿಮಲಾ ಆಂಟಿಯ ಹಲ್ಲಿಲ್ಲದ ದೆವ್ವಗಳು

ವಿಮಲಾ ಆಂಟಿ ಬರೆಯುತ್ತಿದ್ದ ದೆವ್ವಗಳಿಗೆ ಹಲ್ಲೇ ಇರುತ್ತಿರಲಿಲ್ಲ. ದುಂಡು ಹೊಟ್ಟೆ, ಗಿಡ್ಡ ಕೈ, ಮುಖದ ನಡುವೆ ಬದನೆಕಾಯಿಯಂಥ ಮೂಗು. ಯಾಕೆಂದು ಕೇಳಿದರೆ ಕುಂಚ ಕೆಳಗಿಡದೆ ಹೇಳುವರು: "ಹಲ್ಲು ಬರದ್ರ ಕಡಿತೈತಿ ಅಂತ ಸಣ್ಣ ಹುಡುಗರು ಅಂಜತಾವ. ಮೂಗು ಬರದ್ರ ಅದಕ್ಕ ನೆಗಡಿ ಬರತೈತಿ. ನೆಗಡಿ ಬಂದ ದೆವ್ವಕ್ಕ ಯಾರ ಅಂಜತಾರ?"

ಹುಬ್ಬಳ್ಳಿ ಕಡೆಯವರು. ಇಲ್ಲಿ ಪರದೇಶದಲ್ಲಿ, ಹೆಂಡರ್ಸನ್ ಎಂಬ ಬಡಾವಣೆಯ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ. ಸೂಜಿ ಕಂಡು ಚೀರುವ ಮಕ್ಕಳನ್ನು ದಿನವೂ ನೋಡಿ ನೋಡಿಯೇ ಅವರಿಗೆ ಈ ಹುಚ್ಚು ಹತ್ತಿದ್ದು. ಅಕ್ಟೋಬರ್ ಬಂತೆಂದರೆ ಇಲ್ಲಿನ ಅಂಗಡಿಗಳಲ್ಲಿ ಹ್ಯಾಲೋವೀನ್ ಎಂಬ ದೆವ್ವದ ಹಬ್ಬದ ಅಸ್ಥಿಪಂಜರ, ಕತ್ತರಿಸಿದ ಕೈ ನೇತಾಡುತ್ತವೆ. ಅದೂ ತಳ್ಳುಗಾಡಿಯಲ್ಲಿ ಕೂತ ಕೂಸಿನ ಕಣ್ಣಿನ ಮಟ್ಟಕ್ಕೇ. ಅವನ್ನು ಕಂಡು ಹೆದರುವ ಪುಟ್ಟ ಮಕ್ಕಳಿಗಾಗಿ ಆಂಟಿ ರಟ್ಟಿನ ಮೇಲೆ ಚಿತ್ರ ಬರೆದು, ಕೆಳಗೆ ಪುಟ್ಟದೊಂದು ಕನ್ನಡ ಪದ್ಯ ಕಟ್ಟುತ್ತಿದ್ದರು. ನಮ್ಮ ಶನಿವಾರದ ಕನ್ನಡ ಕ್ಲಾಸಿಗೆ ತಂದು, ಎತ್ತಿ ಹಿಡಿದು ಹಾಡುವರು:

ದೆವ್ವಪ್ಪಾ ದೆವ್ವಪ್ಪಾ ಎಲ್ಲಿಗೆ ಹೊಂಟಿ?
ನೆಗಡಿ ಆಗೈತಿ, ತರಬೇಕು ಶುಂಠಿ.

ಮನೆಯಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದ ನನ್ನ ಮಗಳು, ಅಲ್ಲಿ ಎಲ್ಲರಿಗಿಂತ ಮೊದಲು "ಶುಂಠಿ" ಎಂದು ಕಿರುಚುತ್ತಿದ್ದಳು. ಒಮ್ಮೆ ಅವಳ ರಕ್ತ ಪರೀಕ್ಷೆಗೆಂದು ಆಂಟಿಯ ಲ್ಯಾಬಿಗೇ ಹೋಗಬೇಕಾಯಿತು. ಅಳಲು ಬಾಯಿ ತೆರೆದವಳ ಎದುರು ಆಂಟಿ ಕಾಗದದ ಚೂರಿನ ಮೇಲೆ ದೆವ್ವವೊಂದನ್ನು ಗೀಚಿದರು. "ಇದಕ್ಕೂ ಸೂಜಿ ಅಂದ್ರ ಅಂಜಿಕಿ. ನೀನ ಇದರ ಕೈ ಹಿಡ್ಕೊ, ನೋಡೂಣು," ಅಂದರು. ಮಗಳು ಆ ಚೂರನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಅದಕ್ಕೆ ಸಮಾಧಾನ ಹೇಳುತ್ತ ಕೂತಳು. ಅಷ್ಟರಲ್ಲಿ ಕೆಲಸ ಮುಗಿದಿತ್ತು.

ಕ್ಲಾಸ್ ನಡೆಸುತ್ತಿದ್ದವರು ಬೆಂಗಳೂರಿನ ಸುರೇಶ್ ಅಂಕಲ್. ಒಂದು ಶನಿವಾರ ಎಲ್ಲರೆದುರೇ ಆಂಟಿಯನ್ನು ನಿಲ್ಲಿಸಿಕೊಂಡರು. "ವಿಮಲಾ ಅವ್ರೇ, ದೀಪಾವಳಿ ಹತ್ರ ಬಂತು. ಮಕ್ಳ ಬಾಯಲ್ಲಿ ದೆವ್ವ, ದೆವ್ವ ಅಂತ ಬರೋದು ಸರಿಯಲ್ಲ ಅಂತ ಪೇರೆಂಟ್ಸ್ ಹೇಳ್ತಿದಾರೆ. ಇಂಗ್ಲಿಷ್ ರೈಮ್ಸ್ ಆದ್ರೆ ಓಕೆ. ಕನ್ನಡದಲ್ಲಿ ಕೇಳಿದ್ರೆ ಒಂಥರಾ ಅಪಶಕುನ."

ಆಂಟಿ ಎತ್ತಿ ಹಿಡಿದಿದ್ದ ರಟ್ಟನ್ನು ಕೆಳಗಿಳಿಸಿದರು. "ಅಂದ್ರ ದೆವ್ವ ಇಂಗ್ಲಿಷ್ ಮಾತಾಡಿದ್ರ ನಡೀತೈತೇನ್ರಿ?"

ಹಿಂದೆ ಯಾರೋ ಕಿಸಕ್ಕೆಂದರು. ಮಕ್ಕಳಿಗೆ ಈ ಪದ್ಯಗಳೆಂದರೆ ಪ್ರಾಣ ಎಂದು ನಾನು ಹೇಳಿದೆ. "ನಿಮ್ಮ ಮಗಳಿಗೆ ಇರಬಹುದು," ಎಂದು ಅಂಕಲ್ ಮಾತು ಮುಗಿಸಿದರು. ಆಂಟಿ ರಟ್ಟುಗಳನ್ನು ಚೀಲಕ್ಕೆ ತುಂಬಿಕೊಂಡು, ಎಲ್ಲರಿಗೂ ಬರ್ತೀನ್ರಿ ಎಂದು ಹೇಳಿಯೇ ಹೊರಟರು.

ಆ ವರ್ಷದ ಹ್ಯಾಲೋವೀನ್ ಸಂಜೆ ನಾನೂ ಮಗಳೂ ಆಂಟಿಯ ಮನೆಯಲ್ಲಿದ್ದೆವು. ಭೂಮಿಯ ಈ ದಕ್ಷಿಣದ ತುದಿಯಲ್ಲಿ ಅದು ವಸಂತಕಾಲ, ಸಂಜೆಯಾದರೂ ಬೆಳಕಿರುತ್ತದೆ. ವೇಷ ಹಾಕಿದ ಪುಟ್ಟ ದೆವ್ವಗಳೆಲ್ಲ ಮನೆಮನೆಗೆ ಚಾಕಲೇಟ್ ಕೇಳುತ್ತ ಹಾಡಹಗಲೇ ಬೀದಿ ಸುತ್ತುತ್ತವೆ. ಬಾಗಿಲು ಬಡಿದ ಸದ್ದಿಗೆ ಆಂಟಿ ಚಾಕಲೇಟ್ ಬಟ್ಟಲು ಹಿಡಿದು ಎದ್ದರು. ಹೊರಗೆ ಸುರೇಶ್ ಅಂಕಲ್ ಅವರ ಮೊಮ್ಮಗ, ಅದೇ ಕ್ಲಾಸಿನ ನಿಹಾಲ್. ಬಾಯಲ್ಲಿ ಪ್ಲಾಸ್ಟಿಕ್ ಕೋರೆಹಲ್ಲು, ಗಲ್ಲದ ಮೇಲೆ ಕೆಂಪು ಬಣ್ಣ. ಗೇಟಿನ ಹತ್ತಿರ ಅಂಕಲ್ ಫೋನ್ ಎತ್ತಿ ಹಿಡಿದು ವಿಡಿಯೊ ಮಾಡುತ್ತಿದ್ದರು.

ಹುಡುಗ ಕೋರೆಹಲ್ಲು ತೆಗೆದು ಕೈಯಲ್ಲಿ ಹಿಡಿದುಕೊಂಡ. "ಆಂಟಿ, ವೇರ್ ಈಸ್ ದೆವ್ವಪ್ಪ?"

"ನಿಹಾಲ್, ಕಮ್ ಆನ್," ಎಂದರು ಅಂಕಲ್.

ಆಂಟಿ ಅವನ ಚೀಲಕ್ಕೆ ಚಾಕಲೇಟ್ ಹಾಕಿ, ಇಂಗ್ಲಿಷಿನಲ್ಲಿ "ಹ್ಯಾಪಿ ಹ್ಯಾಲೋವೀನ್" ಅಂದರು. ಬಾಗಿಲು ಹಾಕಿ ಬಂದು ಚಹಾಕ್ಕೆ ನೀರಿಟ್ಟರು. ಆಮೇಲೆ ಚಹಾ ಸೋಸುತ್ತ, "ಪರದೇಶದಾಗ ನಮ್ಮ ಮಂದಿ ಬೇಕು ಅಂತ ಹುಡುಕಿಕೊಂಡು ಹೋಗಿದ್ನವಾ," ಎಂದರು, ಅಷ್ಟೇ. ರಟ್ಟುಗಳನ್ನು ಆ ಹ್ಯಾಲೋವೀನ್ ವಾರವೇ ಕಸದ ಗಾಡಿಗೆ ಹಾಕಿದ್ದರೆಂದು ನನಗೆ ತಿಳಿದದ್ದು ತಡವಾಗಿ.

ಮರುವರ್ಷ ಅವರ ಯಜಮಾನರಿಗೆ ಕ್ರೈಸ್ಟ್‌ಚರ್ಚಿನಲ್ಲಿ ಕೆಲಸವಾಗಿ, ಮನೆ ಅಲ್ಲಿನ ರಿಕ್ಕರ್ಟನ್ ಬಡಾವಣೆಗೆ ಬದಲಾಯಿತು. ಹೋದ ಚಳಿಗಾಲ ಆಫೀಸಿನ ಕೆಲಸಕ್ಕೆ ಅತ್ತ ಹೋದಾಗ ಮಾಲಿನಲ್ಲಿ ಭೇಟಿಯಾದೆವು. ಆಂಟಿಯ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅಲ್ಲಿಯೂ ಮಕ್ಕಳ ಕನ್ನಡ ಕ್ಲಾಸಿದೆಯಂತೆ, ಕರೆಯಲು ಮನೆಗೇ ಬಂದಿದ್ದರಂತೆ.

"ಹೋಗ್ತಿದೀರಾ ಆಂಟಿ?"

"ಚಿತ್ರ ಬರೀತೀರೇನ್ರಿ ಅಂತ ಕೇಳಿದ್ರು," ಎಂದು ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ನನಗ ಬರೂದಿಲ್ಲ ಅಂದೆ."