ಖಡಕ್ ರೊಟ್ಟಿಯ ರುಚಿ ಹತ್ತಿದ ಮಂಗ

ಮೊರಬದ ನಮ್ಮ ಮನೆಯಲ್ಲಿ ಯಾರೇ ಊಟಕ್ಕೆ ಕೂತರೂ ರೊಟ್ಟಿಯ ಮೊದಲ ತುಂಡು ಬಾಗಿಲ ನಾಯಿಗೆ. ಈ ರೂಢಿ ಕೈಗೆ ಎಷ್ಟು ಅಂಟಿತ್ತೆಂದರೆ, ಬೋರ್‌ವೆಲ್ ಕೊರೆಯುವ ಕೆಲಸಕ್ಕೆಂದು ತಾಂಜಾನಿಯಾಕ್ಕೆ ಹೋಗಿ ಅಡವಿಯ ಡೇರೆಯಲ್ಲಿ ಇದ್ದಾಗಲೂ ಬಿಡಲಿಲ್ಲ. ಅವ್ವ ಡಬ್ಬಿ ತುಂಬ ಖಡಕ್ ರೊಟ್ಟಿ ಕಟ್ಟಿಕೊಟ್ಟಿದ್ದಳು. ಮೊದಲ ದಿನ ಬೆಳಿಗ್ಗೆ ಒಂದು ತುಂಡು ಮುರಿದು ಹೊರಗೆ ಎಸೆದೆ. ಅಲ್ಲಿ ನಾಯಿ ಎಲ್ಲಿಂದ ಬರಬೇಕು!

ಬಂದದ್ದು ಮಂಗ. ನಮ್ಮ ಕಡೆಯ ಮಂಗ್ಯಾ ಅಲ್ಲ ಮತ್ತೆ. ನಾಯಿಯಂಥ ಮೂತಿಯ, ದಾಂಡಿಗ ಜಾತಿಯ ಬಬೂನು. ಹೊಟ್ಟೆಗೆ ಮರಿ ಜೋತುಬಿದ್ದಿತ್ತು. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಅದು ನನ್ನನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ತುಂಡನ್ನು ಎತ್ತಿ, ಕಟುಂ ಎಂದು ಕಡಿಯಿತು. ಉದುರಿದ ಚೂರನ್ನು ಮರಿ ಆರಿಸಿಕೊಂಡಿತು. ಅಷ್ಟಕ್ಕೇ ನಾನು ಸೋತುಹೋದೆ.

ಅದೇ ಡೇರೆಯಲ್ಲಿ ನನ್ನ ಜೊತೆಗಿದ್ದವರು ಗುಡಗೇರಿಯ ಡ್ರೈವರ್ ಚಾಚಾ.

"ಲೇ, ಅಡವ್ಯಾಗಿನ ಪ್ರಾಣಿಗೆ ರೊಟ್ಟಿ ರುಚಿ ಹಚ್ಚಬ್ಯಾಡೋ," ಎಂದು ಅವತ್ತೇ ಬೈದರು.

"ನಾಕ್ ಮಂದಿಗೆ ಕೊಟ್ಟ ತಿನ್ನು ಅಂದಾಳ್ರೀ ಚಾಚಾ, ಅವ್ವ."

"ಮಂದಿಗೆ ಅಂದಾಳ, ಮಂಗ್ಯಾಗಲ್ಲ! ದೊಡ್ಡ ಶಾಣ್ಯಾ ಬಂದಾನ."

ಹೀಗೆ ಬೈದವರು ವಾರದೊಳಗೆ ತಮ್ಮ ಪಾಲಿನ ಚೂರನ್ನೂ ಎಸೆಯತೊಡಗಿದರು. "ಬಂದ್ಳು ನೋಡ್ ನಿಮ್ಮಕ್ಕ," ಎಂದು ಚಹಾ ಸೋಸುತ್ತ ನಗುತ್ತಿದ್ದರು. ಊರು ಬಿಟ್ಟು ಅಷ್ಟು ದೂರ ಬಂದವರಿಗೆ, ದಿನವೂ ಹೊತ್ತಿಗೆ ಸರಿಯಾಗಿ ಬಾಗಿಲಿಗೆ ಬರುವ ಒಂದು ಜೀವ ಅಂದರೆ ಸಣ್ಣ ಮಾತಲ್ಲ. ನನಗಂತೂ ಅದರ ಮೇಲೆ ಜೀವ.

ಒಂದು ದಿನ ನಾವು ಕೆಲಸಕ್ಕೆ ಹೋದಾಗ ಅದು ಅಡುಗೆಯವನ ಡೇರೆ ಹರಿದು ಒಳಹೊಕ್ಕಿತು. ಓಡಿಸಲು ಹೋದವನ ಕೈ ಕಚ್ಚಿತು. ಸಂಜೆ ನಮ್ಮ ಡೇರೆಗಳನ್ನು ಕಾಯುವ ಬಂದೂಕಿನ ಕಾವಲುಗಾರ ನಮ್ಮ ಬಳಿ ಬಂದ. ಅಲ್ಲಿಯವನೇ, ಒಳ್ಳೆಯವನು. ಹರಕುಮುರುಕು ಇಂಗ್ಲಿಷಿನಲ್ಲಿ ಹೇಳಿದ: ತಪ್ಪು ಅದರದಲ್ಲ, ನಿಮ್ಮದು. ನಾಳೆ ನೀವೇ ಓಡಿಸಿ. ನಾಡಿದ್ದೂ ಬಂದರೆ ನಾನು ಗುಂಡು ಹಾರಿಸಲೇಬೇಕು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು, ಅವನ ಮೇಲಲ್ಲ, ನನ್ನ ಮೇಲೆ. ಪ್ರೀತಿ ಮಾಡುತ್ತೇನೆಂದು ಹೋಗಿ ಅದರ ಕುತ್ತಿಗೆಗೆ ತಂದಿಟ್ಟಿದ್ದೆ.

ಮರುದಿನ ಬೆಳಿಗ್ಗೆ ಎಂದಿನಂತೆ ಬಂದು ಕೂತಿತು. ಚಾಚಾ ತಗಡಿನ ಡಬ್ಬಿ ಬಡಿದರು. ನಾನು ಕೈ ಬೀಸಿದೆ, ಗಂಟಲು ಹರಿಯುವಂತೆ ಕೂಗಿದೆ. ಜಪ್ಪಯ್ಯ ಅಂದರೂ ಅದು ಕದಲಲಿಲ್ಲ.

"ಹೊಡೀಲೇ," ಎಂದರು ಚಾಚಾ, ಮುಖ ಆಚೆ ತಿರುಗಿಸಿ. "ಅದು ಬದುಕಬೇಕು ಅಂದ್ರ ಹೊಡಿ."

ಕಲ್ಲು ಎಸೆದೆ. ಬೇಕಂತಲೇ ಗುರಿ ತಪ್ಪಿಸಿದ್ದೆ. ಅದರ ಕಾಲ ಬಳಿ ಬಿತ್ತು. ಅದು ಓಡಲಿಲ್ಲ. ಕಲ್ಲನ್ನು ಎತ್ತಿ ಬಾಯಿಗಿಟ್ಟುಕೊಂಡು ಕಡಿಯಿತು. ಆಮೇಲೆ ನನ್ನ ಮುಖ ನೋಡಿತು.

ಎರಡನೆಯದನ್ನು ಗುರಿಯಿಟ್ಟೇ ಹೊಡೆದೆ. ಭುಜಕ್ಕೆ ಬಡಿಯಿತು. ಚೀರಿ, ಮರಿಯನ್ನು ಅವುಚಿಕೊಂಡು ಮರದವರೆಗೆ ಓಡಿ, ನಿಂತು, ತಿರುಗಿತು.

"ಹೋಗವ್ವಾ, ಹೋಗು," ಎಂದು ಅಳುತ್ತ ಮತ್ತೆ ಕೈ ಎತ್ತಿದೆ. ಕೈಯಲ್ಲಿ ಕಲ್ಲಿರಲಿಲ್ಲ. ಬರಿಗೈ ಕಂಡೇ ಅದು ಓಡಿತು.