ಬಲಗಡೆ ಸ್ಟೇರಿಂಗಿನ ಸೀಮೆ ಗಾಡಿ

ಸೀಮೆಬದನೆಕಾಯಿಯ ಸಿಪ್ಪೆ ಹೆರೆದರೆ ಬೆರಳಿಗೆ ಒಂದು ಅಂಟು ಹತ್ತುತ್ತದೆ. ತೊಳೆದರೂ ಹೋಗುವುದಿಲ್ಲ, ಒಣಗಿ ಪೊರೆಯಾಗಿ ಚರ್ಮವನ್ನು ಬಿಗಿಹಿಡಿಯುತ್ತದೆ. ಮೊನ್ನೆ ಟಿನ್ ಫ್ಯಾಕ್ಟರಿಯ ಬಸ್ ಸ್ಟಾಪಿನ ಹತ್ತಿರ ತಳ್ಳುಗಾಡಿಯವಳೊಬ್ಬಳು ಅದನ್ನೇ ತಮಿಳಿನಲ್ಲಿ ‘ಬೆಂಗಳೂರು ಕತ್ತಿರಿಕಾಯ್’ ಎಂದು ಕೂಗಿ ಮಾರುತ್ತಿದ್ದಳು. ನಮಗೆ ಸೀಮೆಯದು, ಪರದೇಶದ್ದು; ಅವರಿಗೆ ಬೆಂಗಳೂರಿನದು! ನಗುತ್ತಲೇ ತಂದು ಹೆರೆಯಲು ಕೂತೆ. ಆ ಹಸಿ ವಾಸನೆಯ ಹಿಂದೆಯೇ ಬಿಸಿಲಿಗೆ ಕಾದ ಟಾರ್ಪಾಲಿನ ವಾಸನೆ, ಹಳೇ ಪೆಟ್ರೋಲಿನ ವಾಸನೆ ಬಂದ ಹಾಗಾಯಿತು... ಓನರಮ್ಮ ನೆನಪಾದರು.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಮದುವೆಯಾಗಿ ಕಲಬುರಗಿ ಕಡೆಯಿಂದ ಬಂದ ನಮಗೆ ಸಿಕ್ಕಿದ್ದು ಇಂದಿರಾನಗರದ ಬೆನ್ನಿಗಿದ್ದ ಹಳೇ ಊರಿನ ಓಣಿಯಲ್ಲಿ ಒಂದು ಕೋಣೆ. ನನ್ನವರು ಗಾರೆ ಕೆಲಸಕ್ಕೆ ಹೋದರೆ ಸಂಜೆಯವರೆಗೂ ನನಗೆ ಗೋಡೆಗಳೇ ಗತಿ. ಬಾಡಿಗೆಯವರೆಲ್ಲ ಮನೆಯೊಡತಿಯನ್ನು ಓನರಮ್ಮ ಎನ್ನುತ್ತಿದ್ದರು, ನಾನೂ ಹಾಗೇ ಅಂದೆ. ಅವರ ಗಂಡ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ದೊಡ್ಡ ಬಾಯಿ, ಅದಕ್ಕಿಂತ ದೊಡ್ಡ ಕೈ. ಬೈಯುತ್ತಲೇ ಒಂದು ಪಾತ್ರೆ ಸಾರು ಕೊಟ್ಟು ಹೋಗುವವರು.

“ಏನಮ್ಮಿ ನಿನ್ ಕನ್ನಡ, ಬರೀ ಖಾರ! ಮಾತಾಡಿದ್ರೆ ಜಗಳ ಆಡ್ದಂಗಿರ್ತದೆ” ಎಂದು ನನ್ನನ್ನು ಛೇಡಿಸುತ್ತಿದ್ದರು.

“ನಿಮ್ಮ ಸಾರಿಗಿ ಖಾರ ಇಲ್ರೀ ಅಮ್ಮಾರ, ಅದಕ್ಕ ಮಾತಿನಾಗ ಹಾಕ್ತೀನಿ” ಎಂದರೆ ಬಿದ್ದು ಬಿದ್ದು ನಗುತ್ತಿದ್ದರು.

ಹಿತ್ತಲಿನಲ್ಲಿ ಹಿಂದೆ ಸೀಮೆಹಸು ಕಟ್ಟುತ್ತಿದ್ದ ಕೊಟ್ಟಿಗೆಯಿತ್ತು. ಅದರ ಹೆಂಚು ಹೋದ ಮಾಡಿನ ತುಂಬ ಸೀಮೆಬದನೆಯ ಬಳ್ಳಿ. ಮಧ್ಯಾಹ್ನದ ಬಿಸಿಲು ಎಲೆಗಳಲ್ಲಿ ಸೋಸಿ ಒಳಗಿಳಿಯುವಾಗ ಅಲ್ಲಿ ಎಲ್ಲವೂ ಹಸಿರು. ಕೆರೆಯ ತಳದಲ್ಲಿ ನಿಂತರೆ ಹೀಗಿರಬಹುದೇನೋ ಎಂದುಕೊಳ್ಳುತ್ತಿದ್ದೆ. ಆ ಹಸಿರಿನಲ್ಲಿ ಟಾರ್ಪಾಲು ಹೊದ್ದು ಒಂದು ಕಾರು ಮಲಗಿತ್ತು. ಕೆಂಪು ಬಣ್ಣ, ಎರಡೇ ಸೀಟು, ನನ್ನ ಸೊಂಟಕ್ಕಿಂತ ಸ್ವಲ್ಪ ಎತ್ತರ. ಓಟದ ಕಾರಂತೆ. ಕಾಯಿ ಕೀಳಲು ಹೋದಾಗಲೆಲ್ಲ ನಾನು ಟಾರ್ಪಾಲಿನ ಮೂಲೆ ಎತ್ತಿ ನೋಡುತ್ತಿದ್ದೆ. ಓನರಮ್ಮ ಮಾತ್ರ ಕಾಯಿ ಕಿತ್ತು, ಅದರ ಕಡೆ ಬೆನ್ನು ಹಾಕಿಯೇ ಹೊರಬರುತ್ತಿದ್ದರು.

ಅದರ ಕಥೆ ನನಗೆ ಒಂದೇ ಸಲಕ್ಕೆ ಸಿಗಲಿಲ್ಲ. ಒಂದಿಷ್ಟು ಸೊಪ್ಪು ಬಿಡಿಸುವಾಗ, ಒಂದಿಷ್ಟು ನೀರಿಗೆ ಕಾಯುವಾಗ... ಅವರ ಗಂಡ ಹರೆಯದಲ್ಲಿ ಸೈಕಲ್ ಮೇಲೆ ರಿಚರ್ಡ್ಸ್ ಟೌನಿನ ಬಂಗಲೆಗಳಿಗೆ ಹಾಲು ಹಾಕುತ್ತಿದ್ದರಂತೆ. ಅಲ್ಲೊಬ್ಬ ದೊರೆಸಾನಿ ಈ ಕಾರು ಓಡಿಸುತ್ತಿದ್ದಳು. ದಿನವೂ ಹಾಲಿನ ಕ್ಯಾನು ಇಳಿಸಿ ಅದರ ಮೈ ಸವರಿ ಬರುವುದು ಅವರ ಅಭ್ಯಾಸ. ಕೊನೆಗೆ ಹೊಲವೆಲ್ಲ ಸೈಟುಗಳಾಗಿ ಕೈಗೆ ಹಣ ಬಂದಾಗ, ದೊರೆಸಾನಿಯೂ ದೇಶ ಬಿಟ್ಟು ಹೊರಟಿದ್ದಳು. ಬೇರೆಯವರು ಮನೆ ಕಟ್ಟಿಸಿದರು, ಇವರು ಕಾರು ತಂದರು. ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದ ಗಾಡಿ ಎಂದು ಓಣಿಗೆಲ್ಲ ಸಾರಿದರು.

ಓನರಮ್ಮ ಆರತಿ ತಟ್ಟೆ ಹಿಡಿದು ಬಾಗಿಲಿಗೆ ಬಂದಿದ್ದರು. ಅಷ್ಟರಲ್ಲಿ ಅವರ ತಮ್ಮ ಕಾರಿನೊಳಗೆ ಇಣುಕಿ, “ಭಾವ, ಫಾರಿನ್ ಗಾಡಿಗೆ ಸ್ಟೇರಿಂಗ್ ಎಡಗಡೆ ಇರ್ತದೆ. ಇದು ಬಲಗಡೆ ಐತೆ. ಯಾವನೋ ಇಲ್ಲೇ ಕಟ್ಟಿ ನಿಮಗೆ ಟೋಪಿ ಹಾಕವ್ನೆ” ಅಂದನಂತೆ. ಸಿನಿಮಾದಲ್ಲಿ ಎಲ್ಲರೂ ನೋಡಿದ್ದರಲ್ಲ, ಫಾರಿನ್ ಕಾರೆಂದರೆ ಎಡಗಡೆಯೇ ಸ್ಟೇರಿಂಗು! ಓಣಿ ಗೊಳ್ಳೆಂದಿತು. ಸೀಮೆಗಿಲ್ಲದ ಸೀಮೆ ಗಾಡಿ ಎಂದು ಯಾರೋ ಅಂದರು, ಅದೇ ಹೆಸರು ನಿಂತಿತು.

“ನಂಗೂ ನಗು ಬಂದ್ಬಿಡ್ತು ಕಣಮ್ಮಿ. ಸಿಟ್ಟೂ ಬಂತು. ತಟ್ಟೆ ಅಲ್ಲೇ ಮಡಗಿ ಒಳಕ್ಕೆ ಹೋಗ್ಬಿಟ್ಟೆ. ಒಂದ್ಸಲ ಕೂತ್ಕೊಳೇ ಅಂತ ಎಷ್ಟು ಕರುದ್ರು... ಟೋಪಿ ಹಾಕಿಸ್ಕೊಂಡ ಗಾಡೀಲಿ ನಾನ್ ಕೂರಲ್ಲ ಅಂದೆ.”

ಗಂಡ ಕೆಲವು ದಿನ ಒಬ್ಬರೇ ಹಲಸೂರು ಕೆರೆಯವರೆಗೆ ಓಡಿಸಿಕೊಂಡು ಬಂದರಂತೆ. ಆಮೇಲೆ ಟಾರ್ಪಾಲು ಹೊದಿಸಿದರು. ಕೇಳಿದವರಿಗೆಲ್ಲ ಅವರದು ಒಂದೇ ಉತ್ತರ: “ದೊರೆಸಾನಿ ಸುಳ್ಳು ಹೇಳಲ್ಲ.” ಸಾಯುವವರೆಗೂ ಅದನ್ನೇ ಹೇಳಿದರು. ಒಂದು ದಿನ ಓನರಮ್ಮ ಕತ್ತರಿಸುತ್ತಿದ್ದ ಕಾಯಿ ಬಿಟ್ಟು ನನ್ನ ಮುಖ ನೋಡಿ, “ನಿಜ್ವಾಗ್ಲೂ ಮೋಸ ಹೋದ್ರಾ ಅಂತ ಗೊತ್ತಾಗ್ಬೇಕು ನಂಗೆ. ಅಷ್ಟೇ” ಎಂದರು.

ಗೊತ್ತಾಗುವ ಕಾಲವೂ ಬಂತು. ಓನರಮ್ಮನ ಮಗ ಕೊಟ್ಟಿಗೆ ಒಡೆದು ಬಾಡಿಗೆ ಕೋಣೆ ಕಟ್ಟಿಸಲು ಹೊರಟ. ಶಿವಾಜಿನಗರದ ಗುಜರಿಯವನಿಗೆ ಕಾರನ್ನು ತೂಕಕ್ಕೆ ಕೊಡುವ ಮಾತಾಯಿತು. ಅಷ್ಟರಲ್ಲಿ ಹಳೇ ಗಾಡಿಗಳ ಹುಚ್ಚಿದ್ದ ಹಿರಿಯರೊಬ್ಬರು ಸುದ್ದಿ ಕೇಳಿ ಬಂದರು. ಸೀಮೆಯದಾದರೆ ನಾನು ಒಯ್ಯುತ್ತೇನೆ, ಇಲ್ಲೇ ಕಟ್ಟಿದ್ದಾದರೆ ಗುಜರಿಯವನೇ ಒಯ್ಯಲಿ ಎಂದರು.

ಕೈಯಲ್ಲೊಂದು ಬ್ಯಾಟರಿ, ಒಂದು ಕರವಸ್ತ್ರ. ಹಸು ಕೊಳ್ಳುವವರು ಸುಳಿ ನೋಡುವ ಹಾಗೆ ಕಾರಿನ ಸುತ್ತ ನಿಧಾನ ನಡೆದರು. ಗಾಜಿನ ಮೂಲೆಯ ಧೂಳು ಒರೆಸಿ ಸಣ್ಣ ಅಕ್ಷರ ಓದಿದರು. ವೇಗ ತೋರಿಸುವ ಅಂಕಿಗಳು ಸೀಮೆಯವರ ಲೆಕ್ಕದ ಮೈಲಿಯಲ್ಲಿದ್ದವು, ಕಿಲೋಮೀಟರಿನಲ್ಲಲ್ಲ. ಅದನ್ನು ಕಂಡು ನಾನು ಹಿಗ್ಗಿದರೆ, “ಅದನ್ನ ನಂಬೋಕಾಗಲ್ಲಮ್ಮಾ, ನಮ್ಮ ಹಳೇ ಗಾಡಿಗಳ್ಗೂ ಮೈಲಿನೇ ಇತ್ತು. ಗಾಜನ್ನೂ ತಂದು ಹಾಕ್ಬೋದು” ಎಂದರು. ಓನರಮ್ಮ ಕಂಬ ಹಿಡಿದು ನಿಂತಿದ್ದರು.

ಬಾನೆಟ್ಟು ಎತ್ತಿದಾಗ ಒಣಗಿದ ಬಳ್ಳಿಯ ಕುಡಿಗಳು ಉದುರಿದವು. ಒಳಗೊಂದು ಪುಟ್ಟ ತಗಡು. ಅದರಲ್ಲಿದ್ದ ನಂಬರನ್ನು ಕಬ್ಬಿಣದ ಚೌಕಟ್ಟಿನ ಮೇಲೆ ಕೊರೆದಿದ್ದ ನಂಬರಿಗೆ ಹೋಲಿಸಿದರು, ಮತ್ತೊಮ್ಮೆ ಹೋಲಿಸಿದರು. ತಗಡಿನ ಮೊಳೆಗಳನ್ನು ಉಗುರಿನಿಂದ ಕೆರೆದು ನೋಡಿದರು. ಅವನ್ನು ಯಾರೂ ಬಿಚ್ಚಿರಲಿಲ್ಲ.

“ಪ್ಯೂರ್ ಇಂಪೋರ್ಟೆಡ್ ಮಾ. ಇಂಗ್ಲೆಂಡಿಂದು.”

“ಸ್ಟೇರಿಂಗು?” ಓನರಮ್ಮನ ದನಿ ಬಾವಿಯೊಳಗಿಂದ ಬಂದಂತಿತ್ತು. “ಬಲಗಡೆ ಐತಲ್ಲ ಸ್ವಾಮಿ?”

ಹಿರಿಯರು ನಕ್ಕರು. ಅವರಿಗೇನು ಗೊತ್ತು ಪಾಪ. “ಇಂಗ್ಲೆಂಡಲ್ಲೂ ರೋಡಲ್ಲಿ ಎಡಗಡೆನೇ ಹೋಗೋದಮ್ಮಾ, ನಮ್ಮಂಗೇ. ನಮಗೆ ಕಲ್ಸಿದ್ದೇ ಅವ್ರು. ಅದ್ಕೇ ಸ್ಟೇರಿಂಗ್ ಬಲಗಡೆ.”

ಓನರಮ್ಮ ಸಂತೋಷ ಪಡುತ್ತಾರೆ ಎಂದುಕೊಂಡಿದ್ದೆ. ಅವರು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. “ನಿಜಾನೇ ಹೇಳಿದ್ರು... ನಂಗೆ ನಿಜಾನೇ ಹೇಳಿದ್ರು” ಎನ್ನುತ್ತಿದ್ದರು, ಅಷ್ಟೇ. ನನಗೆ ಆ ಓಣಿಯ ಮೇಲೆ, ಆ ತಮ್ಮನ ಮೇಲೆ ಬಂದ ಸಿಟ್ಟು ಇಷ್ಟಿಷ್ಟಲ್ಲ.

ಹಿರಿಯರು ಕಾರು ಒಯ್ಯುವ ದಿನ ಬೆಳಿಗ್ಗೆ ಓನರಮ್ಮ ಅದನ್ನು ತಾವೇ ತೊಳೆದರು. ಚಕ್ರದ ಕೆಳಗೆ ನಿಂಬೆಹಣ್ಣಿಟ್ಟರು. ಕುಂಕುಮದ ನೀರು ಕಲಸಿ, ಬತ್ತಿ ಹಚ್ಚಿ, ತಟ್ಟೆ ಹಿಡಿದು ಬಂದವರು ಕೊಟ್ಟಿಗೆಯ ಬಾಗಿಲಲ್ಲೇ ನಿಂತರು. ನನಗೆ ಆಗ ಹೊಳೆಯಿತು. ಅಂದು ಅರ್ಧಕ್ಕೆ ಬಿಟ್ಟ ಆರತಿ ಅದು, ಈಗ ಅವರು ಎತ್ತುವ ಹಾಗಿರಲಿಲ್ಲ. ಗಂಡನಿಲ್ಲದವರು ಆರತಿ ಎತ್ತಬಾರದೆನ್ನುವುದು ಓಣಿಯ ಶಾಸ್ತ್ರ. ಆ ಶಾಸ್ತ್ರಕ್ಕೆ ನನ್ನ ಧಿಕ್ಕಾರವಿರಲಿ.

“ಎತ್ರೀ ಅಮ್ಮಾರ, ಯಾರೇನಂತಾರ ನಾ ನೋಡ್ತೀನಿ” ಎಂದೆ.

ಅವರು ತಲೆಯಾಡಿಸಿ ತಟ್ಟೆಯನ್ನು ನನ್ನ ಕೈಗಿಟ್ಟರು. “ನೀನು ಮುತ್ತೈದೆ. ನೀನ್ ಎತ್ತಮ್ಮಿ.”

ಆಮೇಲೆ ಕಾರಿನ ಎಡಗಡೆಯ ಬಾಗಿಲು ತೆಗೆದು, ಸೀರೆ ಮುದುರಿಕೊಂಡು, ಆ ತಗ್ಗಾದ ಸೀಟಿನಲ್ಲಿ ಮೊದಲ ಸಲ ಕೂತರು. ಬಳ್ಳಿಯ ಹಸಿರು ಬೆಳಕು ಅವರ ಮೈಮೇಲೆಲ್ಲ ಆಡುತ್ತಿತ್ತು. ನಾನು ಆರತಿ ಎತ್ತಿದೆ. ಅವರು ದೀಪ ನೋಡಲಿಲ್ಲ. ಬಲಗಡೆಗೆ ತಿರುಗಿ, ಸ್ಟೇರಿಂಗಿನ ಹಿಂದಿನ ಖಾಲಿ ಸೀಟನ್ನೇ ನೋಡುತ್ತ ಕೂತಿದ್ದರು... ಎಷ್ಟು ಹೊತ್ತೋ.

ಕೊಟ್ಟಿಗೆ ಒಡೆದರು, ಬಳ್ಳಿಯೂ ಹೋಯಿತು. ನಾವು ಕೆ.ಆರ್. ಪುರಕ್ಕೆ ಮನೆ ಬದಲಿಸಿದೆವು. ಓನರಮ್ಮ ಹೋದ ಸುದ್ದಿ ನನಗೆ ತಿಳಿಯುವ ಹೊತ್ತಿಗೆ ತಿಥಿಯೂ ಮುಗಿದಿತ್ತು.

ಈಗ ನನ್ನವರೂ ಇಲ್ಲ. ಈ ಯುಗಾದಿಗೆ ಮಗ ಒಂದು ಹಳೇ ಕಾರು ಕೊಂಡು ತಂದು ಮನೆಮುಂದೆ ನಿಲ್ಲಿಸಿದ. ಶಾಸ್ತ್ರಕ್ಕೆ ಅಷ್ಟು ಧಿಕ್ಕಾರ ಹಾಕಿದ್ದವಳು, ಬತ್ತಿ ಹಚ್ಚಿದ ತಟ್ಟೆ ಹಿಡಿದು ಬಾಗಿಲವರೆಗೆ ಹೋಗಿ ನಿಂತೆ. ಕೈ ಮೇಲೇಳಲಿಲ್ಲ. “ನೀ ಎತ್ತವ್ವ” ಎಂದು ಪಕ್ಕದ ಮನೆಯ ಸೊಸೆಗೆ ಕೊಟ್ಟೆ. ಹೋಗಿ ಎಡಗಡೆಯ ಸೀಟಿನಲ್ಲಿ ಕೂತೆ. ನನ್ನವರು ಒಂದು ದಿನವೂ ಕಾರು ಓಡಿಸಿದವರಲ್ಲ. ಆದರೂ ಬಲಗಡೆಗೆ ತಿರುಗಿ ನೋಡಿದೆ.