ಸೋಮವಾರದ ಹುಗ್ಗಿ

ನಮ್ಮವರ ಕೈಯಲ್ಲಿ ಬಳೆಗಳು ಒಡೆಯತೊಡಗಿದಾಗ ನಾನು ಮೊದಲು ಬೈದದ್ದು ಬಳೆ ಕೊಟ್ಟ ಸಗಟು ವ್ಯಾಪಾರಿಗೆ. ಮಾಲು ಹಳೆಯದು, ಹಳ್ಳಿಯವರೆಂದು ನಮಗೆ ಟೋಪಿ ಹಾಕಿದ್ದಾನೆ ಎಂದು ಬಾಗಿಲಲ್ಲಿ ನಿಂತು ಇಡೀ ಓಣಿಗೆ ಕೇಳುವ ಹಾಗೆ ಕೂಗಾಡಿದೆ. ಆಮೇಲೆ ಬೈದದ್ದು ಗಂಡನಿಗೆ. ಇದೊಂದು ಕಾಯಿಲೆ ಇರಬಹುದು ಎಂದು ಹೊಳೆದದ್ದು ತೀರ ಕೊನೆಗೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಗಡಿಯ ಹಳ್ಳಿ ಉಟಗಿಯಲ್ಲಿ ನಮ್ಮದು ಬಳೆ ಮಾರುವ ಮನೆತನ. ಹಗ್ಗಕ್ಕೆ ಪೋಣಿಸಿದ ಬಳೆಗಳ ಮಲಾರವನ್ನು ಹೆಗಲಿಗೆ ಹಾಕಿಕೊಂಡು ನಮ್ಮವರು ಸೋಮವಾರ ಅಸಂಗಿಗೆ, ಗುರುವಾರ ವಳಸಂಗಕ್ಕೆ, ಉಳಿದ ದಿನ ಎಲ್ಲಿ ಮದುವೆ, ಎಲ್ಲಿ ಬಸುರಿಯ ಕುಬಸವೋ ಅಲ್ಲಿಗೆ ಹೋಗುತ್ತಿದ್ದರು. ಎಷ್ಟೇ ಬಿರುಸಾದ ಕೈಯಿರಲಿ, ಮಾತಾಡಿಸುತ್ತ ಮಾತಾಡಿಸುತ್ತ ಬಳೆ ಏರಿಸಿಬಿಡುತ್ತಿದ್ದರು. ಹೆಂಗಸರು ಇನ್ನೂ ನಗುತ್ತಿರುವಾಗಲೇ ಡಜನ್ ಮುಗಿದಿರುತ್ತಿತ್ತು. ನಾನೂ ಆ ಮಾತಿಗೇ ಮರುಳಾಗಿ ಮದುವೆಯಾದವಳು, ಸುಳ್ಳೇಕೆ ಹೇಳಲಿ.

ಅಂಥವರ ಕೈ ಈಗ ಬಳೆಯ ಹತ್ತಿರ ಹೋದ ಕೂಡಲೇ ನಡುಗತೊಡಗಿತು. ಹಿಡಿಯಬೇಕಾದಲ್ಲಿ ಹಿಡಿಯದೆ ಪಕ್ಕಕ್ಕೆ ಹೋಗುತ್ತಿತ್ತು. ನಡೆಯುವಾಗ ಕಾಲು ಅಗಲಿಸಿ, ನೆಲವನ್ನೇ ನಂಬದವರಂತೆ ಹೆಜ್ಜೆ ಇಡುತ್ತಿದ್ದರು. ಮಾತು ತೊದಲಿತು. ಬಸ್ ಸ್ಟ್ಯಾಂಡಿನಲ್ಲಿ ಕುಳಿತವರು ‘ಬಳಿಗಾರ ಹಗಲಾಗೇ ಏರ್ಸಾಕತ್ಯಾನ’ ಎಂದು ಆಡಿಕೊಂಡದ್ದು ನನ್ನ ಕಿವಿಗೂ ಬಿತ್ತು. ಚಹಾಕ್ಕೆ ಶುಂಠಿ ಹೆಚ್ಚಾದರೆ ತಲೆ ತಿರುಗುತ್ತದೆ ಎನ್ನುವ ಮನುಷ್ಯ ಕುಡಿಯುತ್ತಾನಂತೆ! ನಾನು ಅಲ್ಲಿಗೇ ಹೋಗಿ, ಆಡಿಕೊಂಡವರ ಏಳು ತಲೆಮಾರನ್ನು ಜಾಲಾಡಿ ಬಂದೆ.

ಆದರೆ ಊರೂರಿನ ಹೆಂಗಸರು ಅವರ ಕೈಬಿಡಲಿಲ್ಲ. ನಮ್ಮ ಕಡೆ ದಿನದ ಊಟವೆಂದರೆ ಜೋಳದ ರೊಟ್ಟಿ. ಗೋಧಿ ಬೀಗರಿಗೆ, ಹಬ್ಬಕ್ಕೆ, ಹಾಗೂ ಹಾಸಿಗೆ ಹಿಡಿದವರಿಗೆ. ನಮ್ಮವರು ವಾಲುವುದನ್ನು ನೋಡಿ ಒಬ್ಬಳು ಗೋಧಿ ರವೆಯ ಶಿರಾ ತಿರುವಿದಳು, ಇನ್ನೊಬ್ಬಳು ತುಪ್ಪ ಸವರಿದ ಚಪಾತಿ ಸುತ್ತಿಕೊಟ್ಟಳು. ಚಹಾದ ಅಂಗಡಿಯವನು ಮೈದಾದ ಖಾರಿ ಬಿಸ್ಕಿಟನ್ನು ಪುಕ್ಕಟೆ ಕೊಡತೊಡಗಿದ. ಮನೆಯಲ್ಲಿ ನಾನೂ ಹಿಂದೆ ಬೀಳಲಿಲ್ಲ. ದಿನಾ ರವೆಯ ಗಂಜಿ ಕಾಯಿಸಿದೆ. ಎಲ್ಲರೂ ಸೇರಿ ಪ್ರೀತಿಯಿಂದ ಉಣ್ಣಿಸಿದಷ್ಟೂ ಅವರು ಹೆಚ್ಚು ಹೆಚ್ಚು ಬಿದ್ದರು.

ಕೊನೆಗೆ ಮಿರಜಿಗೆ ಕರೆದುಕೊಂಡು ಹೋದೆ. ಡಾಕ್ಟರು ಬೆರಳಿನಿಂದ ಮೂಗು ಮುಟ್ಟಿಸಿದರು, ನೇರ ಗೆರೆಯ ಮೇಲೆ ನಡೆಸಿದರು, ತಲೆಯ ಚಿತ್ರ ತೆಗೆಸಿದರು. ತಲೆಯ ಹಿಂಭಾಗದಲ್ಲಿ ಚಿಕ್ಕ ಮಿದುಳು ಎಂಬುದೊಂದು ಇದೆಯಂತೆ. ಕೈಕಾಲು ಎತ್ತಲು ಹೇಳುವುದು ದೊಡ್ಡ ಮಿದುಳಾದರೂ, ಎಷ್ಟು ಎತ್ತಬೇಕು, ಎಲ್ಲಿ ನಿಲ್ಲಿಸಬೇಕು ಎಂಬ ಹದ ನೋಡುವುದು ಅದು. ಅದೇ ಸೊರಗುತ್ತಿತ್ತು. ಕಾರಣ ತಿಳಿಯಲೆಂದು ರಕ್ತವನ್ನು ಮುಂಬೈಗೆ ಕಳಿಸಿದರು. ಉತ್ತರ ಬಂದ ದಿನ ಡಾಕ್ಟರು ಮರಾಠಿಯಲ್ಲಿ ಸಮಾಧಾನವಾಗಿ ಕೇಳಿದರು: ಗೋಧಿ ತಿನ್ನುತ್ತೀರಾ?

ನನಗೆ ಸಿಟ್ಟೇ ಬಂತು. ತಲೆಯ ರೋಗಕ್ಕೆ ಬಂದರೆ ಹೊಟ್ಟೆಯ ಮಾತೇಕೆ? ಅವರಿಗೆ ಹೊಟ್ಟೆನೋವಿಲ್ಲ, ಉಂಡದ್ದು ಕರಗುತ್ತದೆ ಎಂದೆ. ಡಾಕ್ಟರು ನಕ್ಕು, ಬಿಡಿಸಿ ಹೇಳಿದರು. ಮೈಯಲ್ಲಿ ರೋಗ ಕಾಯುವ ಶಕ್ತಿ ಇರುತ್ತದೆ. ಹೊರಗಿನಿಂದ ಕೇಡು ಬಂದರೆ ಗುರುತು ಹಿಡಿದು ಹೊಡೆಯುವುದು ಅದರ ಕೆಲಸ. ಕೆಲವರ ಮೈಯಲ್ಲಿ ಅದು ಗೋಧಿಯ ಜಿಗುಟು ಅಂಶವನ್ನೇ ಕೇಡೆಂದು ತಿಳಿದು, ಅದನ್ನು ಹೊಡೆಯಲು ಆಯುಧ ತಯಾರಿಸಿ ರಕ್ತದಲ್ಲಿ ಬಿಡುತ್ತದೆ. ಚಿಕ್ಕ ಮಿದುಳಿನಲ್ಲಿರುವ ಯಾವುದೋ ಅಂಶ ಅದಕ್ಕೆ ಗೋಧಿಯ ಹಾಗೇ ಕಾಣಿಸಿ, ಆ ಆಯುಧ ಅಲ್ಲಿಗೂ ತಗಲುತ್ತದೆ. ಹೊಟ್ಟೆ ಸುಮ್ಮನಿದ್ದರೂ ಮಿದುಳು ಪೆಟ್ಟು ತಿನ್ನುತ್ತದೆ. ಕುರಿ ಕಾಯಲು ಸಾಕಿದ ನಾಯಿ ತೋಳದ ಗುಂಗಿನಲ್ಲಿ ಮನೆಯ ಟಗರನ್ನೇ ಕಚ್ಚಿದ ಹಾಗೆ ಎಂದು ನಾನು ಅರ್ಥ ಮಾಡಿಕೊಂಡೆ. ನಾಯಿಯನ್ನು ಓಡಿಸಲು ಬರುವುದಿಲ್ಲ, ಅದಿಲ್ಲದೆ ಬಾಳುವೆಯಿಲ್ಲ. ತೋಳ ಕಣ್ಣಿಗೆ ಬೀಳದಂತೆ ನೋಡಿಕೊಳ್ಳಬೇಕು, ಅಷ್ಟೇ.

ಗೋಧಿ ಪೂರ್ತಿ ಬಂದ್ ಎಂದರು. ಒಂದು ಚಮಚ ಹೋದರೂ ಆ ಶಕ್ತಿ ಮತ್ತೆ ಕೆರಳುತ್ತದೆ. ಮಿದುಳಿನಲ್ಲಿ ಸತ್ತದ್ದು ಹುಟ್ಟಿ ಬರುವುದಿಲ್ಲ, ಉಳಿದದ್ದನ್ನು ಕಾಪಾಡಿ ಅದಕ್ಕೇ ಕೆಲಸ ಕಲಿಸಬೇಕು. ಹಾಗಾದರೆ ಏನು ತಿನ್ನಬೇಕು ಎಂದು ನಮ್ಮವರು ಅಳುಮುಖ ಮಾಡಿದರು. ಜೋಳದ ರೊಟ್ಟಿ ಎಂದರು ಡಾಕ್ಟರು. ನಾನು ಅಲ್ಲೇ ಗಟ್ಟಿಯಾಗಿ ನಕ್ಕೆ. ಇಷ್ಟು ದೂರ ಬಂದು, ಇಷ್ಟು ರಕ್ತ ಕೊಟ್ಟು ಸಿಕ್ಕ ಔಷಧ ನಾನು ದಿನಾ ಬಡಿಯುವ ರೊಟ್ಟಿ!

ಕೆಲವು ತಿಂಗಳಲ್ಲಿ ಕೈ ಹದಕ್ಕೆ ಬಂತು. ರಂಜಾನಿಗೆ ಶಾವಿಗೆ ಬಿಟ್ಟು ಅಕ್ಕಿಯ ಖೀರು ಮಾಡಿದಾಗ ಮುಖ ಊದಿಸಿಕೊಂಡರು, ಆದರೆ ಬಟ್ಟಲು ಖಾಲಿ ಮಾಡಿದರು. ಹಗುರ ಮಲಾರ ಹೊತ್ತು, ಜೀಪಿನಲ್ಲಿ, ಸೋಮವಾರದ ಅಸಂಗಿಗೆ ಮಾತ್ರ ಹೋಗಲು ಬಿಟ್ಟೆ. ಆಗಿನಿಂದ ಅವರ ಆರೋಗ್ಯ ಮತ್ತೆ ಇಳಿಮುಖ. ಒಂದು ಮುಂಜಾನೆ ಅಂಗಳದಲ್ಲಿ ನೀರಿನ ಕೊಡದ ಸಮೇತ ಬಿದ್ದರು. ಮನೆಯಲ್ಲಿ ಗೋಧಿಯ ಕಾಳೂ ಇರಲಿಲ್ಲ. ಹಾಗಾದರೆ ಎಲ್ಲಿಂದ?

ಮುಂದಿನ ಸೋಮವಾರ ಅವರ ಹಿಂದೆಯೇ ಇನ್ನೊಂದು ಜೀಪು ಹತ್ತಿದೆ. ಅಸಂಗಿಯಲ್ಲಿ, ಸೊಸೆಯಂದಿರೆಲ್ಲ ನಮ್ಮಲ್ಲೇ ಬಳೆ ಇಡಿಸಿಕೊಳ್ಳುವ ಒಂದು ದೊಡ್ಡ ಒಕ್ಕಲುತನದ ಮನೆ. ಕಟ್ಟೆಯ ಮೇಲೆ ನಮ್ಮವರು ಕೂತಿದ್ದರು, ಕೈಯಲ್ಲಿ ಗೋಧಿ ಹುಗ್ಗಿಯ ಬಟ್ಟಲು. ಎದುರಿಗೆ ಹಣೆಗೆ ವಿಭೂತಿ ಹಚ್ಚಿದ ಆ ಮನೆಯ ಅಜ್ಜಿ, ಎಲ್ಲರೂ ಆಯಿ ಎನ್ನುವವರು, ತುಪ್ಪ ಸುರಿಯುತ್ತಿದ್ದರು.

“ರೀ! ಕೆಳಗ ಇಡ್ರಿ ಅದನ್ನ!” ಎಂದು ನಾನು ಚೀರಿದೆ.

“ಯಾಕ ತಂಗಿ, ಉಣ್ಣೂ ಮನಶ್ಯಾಗ ಹಿಂಗ ಗದರ್ಸತಾರೇನು?” ಎಂದರು ಆಯಿ. “ನಾ ಹರಕಿ ಹೊತ್ತೀನಿ. ಇಂವ ನೆಟ್ಟಗ ನಡ್ಯೂತನಕ ಸೋಮವಾರಕ್ಕೊಮ್ಮೆ ಶಿವಗ ಹುಗ್ಗಿ ಎಡಿ ಹಿಡದು, ಇವಗ ಉಣ್ಣಸ್ತೀನಂತ.”

ಜಗಳಕ್ಕೆಂದು ಕಟ್ಟಿಕೊಂಡು ಬಂದಿದ್ದ ಸೆರಗನ್ನು ನಾನು ಬಿಚ್ಚಿದೆ. ಆದರೆ ಹೇಳದೆ ವಿಧಿಯಿರಲಿಲ್ಲ. “ಇದರಿಂದನ ಅವರು ಬೀಳಾಕತ್ತಾರ್ರಿ ಆಯಿ” ಎಂದೆ. ಡಾಕ್ಟರು ಹೇಳಿದ್ದನ್ನೆಲ್ಲ ನಾಯಿ, ತೋಳ, ಟಗರು ಸೇರಿಸಿ ಹೇಳಿದೆ. ಆಯಿ ತುಪ್ಪದ ಗಿಂಡಿಯನ್ನು ನಿಧಾನ ಕೆಳಗಿಟ್ಟರು.

“ನನ್ನ ಕೈಯಿಂದನ ಆತೇನವಾ ಇದು?”

“ನೀವು ದೇವರ ಮುಂದ ಇಟ್ಟು ತಂದಿದ್ರಿ. ಬ್ಯಾಡ ಅನ್ನಾಕ ಬಾಯಿ ಬರಲಿಲ್ರಿ” ಎಂದರು ನಮ್ಮವರು, ನೆಲ ನೋಡುತ್ತ.

“ಊರ ಹೆಂಗಸರನ್ನೆಲ್ಲಾ ಮಾತಿನಾಗ ನಗಸ್ತಿ, ಬ್ಯಾಡ ಅನ್ನೂ ಒಂದ ಮಾತು ಬರಲಿಲ್ಲೇನು ನಿನಗ? ಶಿವಗ ತಿಳೀತೈತಿ, ನಿನಗ ತಿಳೀಲಿಲ್ಲ ಹುಚ್ಚಪ್ಪಾ!” ಎಂದು ಆಯಿ ಅವರ ತಲೆಗೆ ಮೊಟಕಿದರು. ಮೊಟಕಿದ ಕೈಯಿಂದಲೇ ಕಣ್ಣು ಒರೆಸಿಕೊಂಡರು. ಹುಗ್ಗಿಯ ಬಟ್ಟಲನ್ನು ಎತ್ತಿಟ್ಟು ಹೇಳಿದರು: “ಹೊತ್ತ ಹರಕಿ ಬಿಡಾಕ ಬರೂದಿಲ್ಲ. ತಿರುವಿ ಹಾಕ್ತೀನಿ. ನೀ ನೆಟ್ಟಗ ನಡ್ಯೂತನಕ ನಾನೂ ಗೋದಿ ಮುಟ್ಟೂದಿಲ್ಲ.”

ಮಿದುಳಿನಲ್ಲಿ ಸತ್ತದ್ದು ಹುಟ್ಟಿ ಬರುವುದಿಲ್ಲ ಎಂದಿದ್ದರು ಡಾಕ್ಟರು, ಅಂದರೆ ಆ ಹರಕೆಗೆ ಕೊನೆಯೇ ಇರಲಿಕ್ಕಿಲ್ಲ. ಎಲ್ಲವನ್ನೂ ಹೇಳಿದವಳಿಗೆ ಅದೊಂದನ್ನು ಹೇಳುವ ಧೈರ್ಯ ಬರಲಿಲ್ಲ. ದೀಪಾವಳಿಯ ತನಕ ನಡೆಸಿ ಬಿಟ್ಟಾರು, ಮುದುಕಿಗೆ ಹೋಳಿಗೆಯೆಂದರೆ ಪ್ರಾಣ ಎಂದುಕೊಂಡೆ. ದೀಪಾವಳಿ ಬಂತು, ಯುಗಾದಿಯೂ ಬಂತು. ಆಯಿ ರೊಟ್ಟಿಯನ್ನೇ ಮುರಿದರು.

ಹುಗ್ಗಿ ನಿಂತ ಮೇಲೆ ನಮ್ಮವರು ಮತ್ತೆ ಚೇತರಿಸಿಕೊಂಡರು. ಬಳೆ ಇಡುವಷ್ಟು ಕೈ ಕುದುರಿತು, ಮೊದಲಿನ ವೇಗವಿಲ್ಲ. ನಾನೂ ಜೊತೆಗೆ ಹೋಗಿ ಇಡತೊಡಗಿದೆ. “ನೀ ಭಾಳ ಹಿಂಡತೀ ಅಕ್ಕಾ, ಕಾಕಾನ ಬರ್ಲಿ” ಎಂದು ಹುಡುಗಿಯರು ನನ್ನನ್ನು ಸರಿಸುತ್ತಿದ್ದರು. ಆದರೆ ನಡಿಗೆ ಮಾತ್ರ ಪೂರ್ತಿ ಸರಿಹೋಗಲಿಲ್ಲ. ಕಾಲಿಗೆ ಕಲಿಸಲೆಂದು ಅಂಗಳದಲ್ಲಿ ಸುಣ್ಣದ ಗೆರೆ ಎಳೆದುಕೊಂಡು ದಿನಾ ನಡೆಯುತ್ತಿದ್ದರು. ನಾನು ಅದರ ಮೇಲೆ ಹಪ್ಪಳ ಒಣಗಿಸಿದ ದಿನ ಜಗಳವಾಯಿತು.

ಕೆಲವು ವರ್ಷಗಳ ಮೇಲೆ ಆಯಿಯ ಮೊಮ್ಮಗನ ಮದುವೆ ಬಂತು. ಬಳೆಯ ಪೆಟ್ಟಿಗೆ ಹಿಡಿದು ಜೀಪು ಹತ್ತುವಾಗ ನಮ್ಮವರು, “ಇವತ್ತ ಆಯಿಗೆ ಹೋಳಿಗಿ ಉಣ್ಣಸ್ತೀನಿ ನೋಡು” ಎಂದರು. ಒಂದು ತಿಂಗಳಿಂದ ಅವರು ಎಂದೂ ಇಲ್ಲದಷ್ಟು ಗೆರೆಯ ಮೇಲೆ ನಡೆದದ್ದು ಏಕೆಂದು ಆಗ ತಿಳಿಯಿತು.

ಮಧ್ಯಾಹ್ನದ ಪಂಕ್ತಿಗೆ ಮುಂಚೆ, ಹಂದರದ ಬಾಗಿಲಿನಿಂದ ಕಟ್ಟೆಯ ಮೇಲೆ ಕುಳಿತ ಆಯಿಯ ಕಡೆಗೆ ಅವರು ಹೊರಟರು. ಸಂಗತಿ ಮನೆಮಂದಿಗೆಲ್ಲ ಗೊತ್ತಿತ್ತು. ಬಡಿಸುವವರು ಬುಟ್ಟಿ ಹಿಡಿದು ನಿಂತುಬಿಟ್ಟರು. ಮದುಮಗನೂ ನಿಂತ. ನಮ್ಮವರು ಉಸಿರು ಬಿಗಿಹಿಡಿದು, ಕಾಲ ಮುಂದೆ ಕಾಲಿಟ್ಟು, ಎಷ್ಟು ಚೆಂದ ನಡೆದರು! ಇನ್ನೇನು ಕಟ್ಟೆ ಬಂತು ಎನ್ನುವಾಗ ಮೈ ಒಂದು ಕಡೆಗೆ ಜಾರಿತು, ಕೈ ಹೋಗಿ ಹಂದರದ ಕಂಬ ಹಿಡಿಯಿತು.

“ನಡದ್ರು, ನಡದ್ರು!” ಎಂದು ಮಕ್ಕಳು ಕೂಗಿದರು. ನಾನೂ ಜೋರು ಮಾಡಿ, “ನೆಟ್ಟಗನ ಬಂದಾರಲ್ರಿ ಆಯಿ, ಹೋಳಿಗಿ ತಗೋರಿ” ಎಂದೆ.

ಆಯಿ ಬೊಚ್ಚುಬಾಯಿ ತುಂಬ ನಕ್ಕರು. “ಭಾಳ ಚಲೋ ನಡದಿ ಮಗಾ. ಆದ್ರ ಕಂಬಾ ಹಿಡದಿ. ಶಿವನ ಮುಂದ ಸುಳ್ಳ ಹೇಳ್ಲೇನು?” ಎಂದು ಒಳಗಿನಿಂದ ರೊಟ್ಟಿ ತರಿಸಿ, ಮುರಿದು ಅರ್ಧವನ್ನು ಅವರ ಎಲೆಗೆ ಹಾಕಿದರು. “ಮೊಮ್ಮಗಳ ಮದವಿ ಬರೂದೈತಿ. ಆಗ ನೋಡೂಣು. ಕುಂದರು, ಉಣ್ಣು.”

ನಮ್ಮವರು ಕಣ್ಣೀರು ಸುರಿಸುತ್ತಲೇ ನಗುತ್ತಿದ್ದರು. ಆಯಿ ಅವರ ಪಾಲಿಗೆ ಇನ್ನೊಬ್ಬ ತಾಯಿಯಂತೆ ನನಗೆ ಕಂಡರು. ಮುದುಕಿಯ ಹಟದ ಮೇಲೆ ಸಿಟ್ಟೂ ಬಂತು, ಆಕೆಯ ಕಾಲು ಹಿಡಿಯಬೇಕು ಎಂದೂ ಅನಿಸಿತು. ನನ್ನ ಎಲೆಯ ಹೋಳಿಗೆಯನ್ನು ಬದಿಗೆ ಸರಿಸಿದೆ.

ಮೊಮ್ಮಗಳ ಮದುವೆಯಲ್ಲೂ ಆಯಿ ನಮ್ಮವರ ಪಕ್ಕದಲ್ಲಿ ಕುಳಿತು ರೊಟ್ಟಿಯನ್ನೇ ಉಂಡರು.